ಮೂರು ಸಿ, ಮೂವರು ಸಿಸ್ಟರ್

ಸುಳ್ಳು ಹೇಳಬಾರದೆಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ನಮ್ಮ ಹೋಮ್ ಕಂಪ್ಯೂಟರ್ ಸಂಘದ ಸಭೆಯಲ್ಲಿ ನಾನೇ ಹೇಳಿದ ಒಂದು ಸುಳ್ಳಿಗೆ ಮಾತ್ರ ಇಂದಿಗೂ ಕೃತಜ್ಞನಾಗಿದ್ದೇನೆ.

ಸಂಘ ಎಂದರೆ ಬಹಳ ದೊಡ್ಡದೇನೂ ಅಲ್ಲ. ಐದು ಜನ. ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಪತ್ರಿಕೆಗಳ ಕೋಣೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಮಾತಾಡುವುದು ನಿಷೇಧವಾದ್ದರಿಂದ ನಮ್ಮ ಘನವಾದ ಚರ್ಚೆಗಳೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಆ ಕಾಲದ ಹೋಮ್ ಕಂಪ್ಯೂಟರ್ ಅಂದರೆ ಬರೀ ಒಂದು ಕೀಲಿಮಣೆ. ಅದನ್ನು ಮನೆಯ ಟೀವಿಗೆ ಸಿಕ್ಕಿಸಬೇಕು. ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ ಹಾಕಿದರೆ, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಹತ್ತು ನಿಮಿಷ ಕಿರುಚಿ, ಮನಸ್ಸು ಬಂದರೆ ಕೆಲಸ ಶುರು ಮಾಡುತ್ತಿತ್ತು.

ಸಂಘದ ಕಾರ್ಯದರ್ಶಿ ಗಡಿಯಾರ ರಿಪೇರಿ ಮಾಡುವವರು. ಅವರು ಆ ದಿನ ಪಿಸುಗುಟ್ಟಿದರು: "ನಮ್ಮ ಮಿಷನ್ನಿಗೆ ಮೂರು ಸಿ ಕಂಪೈಲರ್ ಬಂದಿವೆ. ಯಾವುದನ್ನ ನಂಬಬಹುದು, ಯಾವುದು ಕೈಕೊಡುತ್ತೆ ಅಂತ ಯಾರಾದ್ರೂ ಪರೀಕ್ಷೆ ಮಾಡಿ ಸಂಘದ ಪತ್ರಿಕೆಗೆ ಬರೀಬೇಕು."

ಮೂವರು ಸದಸ್ಯರು ಚಾವಣಿ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, "ಅದನ್ನ ನಾನು ಆಗ್ಲೇ ಶುರು ಮಾಡಿದ್ದೀನಿ" ಅಂದೆ.

ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ನನ್ನ ಒಟ್ಟು ಸಾಧನೆಯೆಂದರೆ, ನನ್ನ ಹೆಸರು ಟೀವಿಯ ಮೇಲೆ ಎಡದಿಂದ ಬಲಕ್ಕೆ ಓಡುವಂತೆ ಮಾಡಿದ್ದು. ಅದರಲ್ಲೂ ಒಂದು ಅಕ್ಷರ ಓಡದೆ ಹಿಂದೆ ಉಳಿಯುತ್ತಿತ್ತು.

ಕಾರ್ಯದರ್ಶಿಗಳ ಕಣ್ಣಲ್ಲಿ ನೀರೇ ಬಂತು. ಮೂರೂ ಕ್ಯಾಸೆಟ್ಟುಗಳನ್ನು ನನ್ನ ಕೈಗಿಟ್ಟು, ನನಗೆ ಗೊತ್ತಿದೆ ಎಂದುಕೊಂಡೇ ಪಾಪ ವಿವರಿಸಿದರು. "ಮನುಷ್ಯ ಸಿ ಅನ್ನೋ ಭಾಷೇಲಿ ಬರೀತಾನೆ. ಯಂತ್ರಕ್ಕೆ ಆ ಭಾಷೆ ಬರಲ್ಲ. ಈ ಕಂಪೈಲರ್ ಮಧ್ಯೆ ನಿಂತ ದುಭಾಷಿ ಇದ್ದ ಹಾಗೆ. ದುಭಾಷಿ ಕೆಟ್ಟರೆ ಎಲ್ಲಾ ಕೆಟ್ಟಂಗೆ, ಅಲ್ವಾ?"

"ಅದನ್ನೇ ನಾನೂ ಹೇಳ್ತಾ ಬಂದಿದ್ದೀನಿ" ಅಂದೆ.

ಹೀಗೆ ಒಂದು ತಿಂಗಳು ನಮ್ಮ ಮನೆಯ ಟೀವಿ ವಿಜ್ಞಾನಕ್ಕೆ ಅರ್ಪಿತವಾಯಿತು. ನನ್ನ ಹೆಂಡತಿ ಅಷ್ಟೂ ಸಂಜೆ ಪಕ್ಕದ ಕುರ್ಚಿಯಲ್ಲಿ ಹೊಲಿಗೆ ಹಿಡಿದು ಕೂತು, ತನ್ನ ಧಾರಾವಾಹಿ ಬರಬೇಕಾದ ಜಾಗದಲ್ಲಿ ಸಾಲುಸಾಲು ಚುಕ್ಕೆ ಬರುವುದನ್ನು ನೋಡಿದಳು. ಒಮ್ಮೆಯೂ ಪ್ಲಗ್ ಕಿತ್ತೆಸೆಯಲಿಲ್ಲ. ಈ ಕಥೆಯಲ್ಲಿ ನಾನು ಋಣಿಯಾಗಿರುವವರ ಪಟ್ಟಿ ಉದ್ದವಿದೆ. ಮೊದಲ ಹೆಸರು ಅವಳದ್ದೇ.

ಕಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋದೆ. ನಾನು ಆಸ್ಪತ್ರೆಯೊಂದರ ಉಗ್ರಾಣದ ಗುಮಾಸ್ತ. ಹಾಸಿಗೆ ಬಟ್ಟೆ, ಬ್ಯಾಂಡೇಜು, ಸಲೈನ್ ಬಾಟ್ಲಿಗಳ ಲೆಕ್ಕ ಇಡುವವನು. ಅಲ್ಲಿ ಎಲ್ಲರೂ ನನ್ನನ್ನು ಸ್ಟೋರಪ್ಪ ಎನ್ನುತ್ತಾರೆ. ಉಗ್ರಾಣದ ಪುಸ್ತಕಗಳಿಗೆ ಕಂದು ಬಣ್ಣದ ರಟ್ಟು. ನನ್ನ ಪರೀಕ್ಷೆಯ ಪುಸ್ತಕಕ್ಕೂ ಅದೇ ರಟ್ಟು. ಮೇಲೆ ದಪ್ಪ ಅಕ್ಷರದಲ್ಲಿ 'ಸಿ: ಯಾರನ್ನು ನಂಬುವುದು?' ಎಂದು ಬರೆದಿದ್ದೆ. ಕಂಪೈಲರುಗಳ ಹೆಸರು ಉದ್ದವಾದ್ದರಿಂದ ಒಳಗೆಲ್ಲ ಸಿ ಒಂದು, ಸಿ ಎರಡು, ಸಿ ಮೂರು ಎಂದಷ್ಟೇ ಇತ್ತು.

'ಸಿ ಒಂದು: ಹಳೆಯದು. ಭಾರ. ಬಹಳ ನಿಧಾನ. ಸಣ್ಣ ತಪ್ಪು ಕಂಡರೂ ಕೂಗಿ ರಂಪ ಮಾಡುತ್ತದೆ.'

'ಸಿ ಎರಡು: ಚುರುಕು. ಅಂದ. ಇದರ ಜೊತೆ ಮೂರು ಸಂಜೆ ಕಳೆದೆ, ಬಹಳ ಸಂತೋಷವಾಯಿತು. ಆದರೆ ತಪ್ಪು ಕಂಡರೂ ಕಾಣದಂತೆ ನುಂಗಿಕೊಂಡು ಮುಂದೆ ಹೋಗುತ್ತದೆ. ಅಪಾಯ.'

'ಸಿ ಮೂರು: ಪಾಪದ್ದು. ಕೆಲಸ ಕೊಂಚ ಹೆಚ್ಚಾದರೆ ನಿಂತಲ್ಲೇ ನಿಂತುಬಿಡುತ್ತದೆ. ಆರಿಸಿ ಮತ್ತೆ ಹೊತ್ತಿಸಬೇಕು.'

ಕೊನೆಯ ಪುಟದಲ್ಲಿ, 'ತೀರ್ಮಾನ ಮುಂದಿನ ವಾರ. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ತೆಗೆದುಹಾಕಬೇಕು.'

ಈ ಪುಸ್ತಕದಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಪುಸ್ತಕದಲ್ಲಿ ಏನೂ ಇಲ್ಲ. ತಪ್ಪು ಇದ್ದದ್ದು ಸೋಮವಾರ ಬೆಳಿಗ್ಗೆ ಮೇಲಿನ ವಾರ್ಡಿಗೆ ಹೊರಟ ತಳ್ಳುಗಾಡಿಯಲ್ಲಿ. ಮಡಿಸಿದ ಹೊದಿಕೆಗಳ ಮೇಲೆ ವಾರ್ಡಿನ ಪುಸ್ತಕ ಇಡುವ ಬದಲು ನಾನು ಇದನ್ನಿಟ್ಟು ಕಳಿಸಿದ್ದೆ.

ಆ ವಾರ್ಡಿನಲ್ಲಿ ಮೂವರು ಸಿಸ್ಟರ್. ದೊಡ್ಡ ಸಿಸ್ಟರ್ ಮೂವತ್ತು ವರ್ಷ ಸೇವೆಯಾದವರು, ತೂಕಸ್ಥರು. ಅವರು ಮೇಲೆ ಕೆಮ್ಮಿದರೆ ಕೆಳಗೆ ಗೇಟಿನಲ್ಲಿ ಕೇಳುತ್ತದೆ. ನಡು ಸಿಸ್ಟರ್ ಲವಲವಿಕೆಯವರು, ಯಾರ ಮನಸ್ಸನ್ನೂ ನೋಯಿಸದವರು. ಚಿಕ್ಕ ಸಿಸ್ಟರ್ ಆ ದಿನಗಳಲ್ಲಿ ಕಾರಿಡಾರಿನ ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದರು. ಸಾಲದ್ದಕ್ಕೆ ನಮ್ಮ ಡ್ಯೂಟಿ ಪಟ್ಟಿಯಲ್ಲಿ 'ಸಿಸ್ಟರ್' ಎಂದು ಪೂರ್ತಿ ಬರೆಯಲು ಜಾಗವಿಲ್ಲದೆ ಬರೀ 'ಸಿ' ಎಂದು ಬರೆದು ಮುಂದೆ ನಂಬರು ಹಾಕುವ ಪದ್ಧತಿಯಿತ್ತು.

ಹನ್ನೊಂದು ಗಂಟೆಗೆ ಮೂವರೂ ಒಟ್ಟಾಗಿ ನನ್ನ ಉಗ್ರಾಣದ ಕಿಟಕಿಗೆ ಬಂದು ನಿಂತರು.

"ಸ್ಟೋರಪ್ಪನೋರೇ, ಈ ಪುಸ್ತಕ ನಿಮ್ದಾ?" ದೊಡ್ಡ ಸಿಸ್ಟರ್ ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದಾಗಲೇ ನಾನು ಹೆದರಬೇಕಿತ್ತು.

"ಅಯ್ಯೋ, ಸಿಕ್ತಾ? ಬೆಳಿಗ್ಗೆಯಿಂದ ಹುಡುಕ್ತಾ ಇದ್ದೆ. ಓದಿದ್ರಾ?"

"ಓದಿದ್ವಿ. ಮೂವರೂ ಓದಿದ್ವಿ."

ಒಂದು ತಿಂಗಳಿಂದ ನನ್ನ ಸಂಶೋಧನೆಯ ಬಗ್ಗೆ ಒಬ್ಬರಾದರೂ ಒಂದು ಮಾತು ಕೇಳಿರಲಿಲ್ಲ. ನನಗೆ ಹೃದಯ ತುಂಬಿ ಬಂತು. "ಹೇಗಿದೆ? ಸಂಕೋಚ ಬೇಡ, ಹೇಳಿ."

"ಒಂದನೇದು ಹಳೇದು, ಭಾರ ಅಂತ ಬರ್ದಿದ್ದೀರಿ."

"ಮತ್ತೆ? ಎಷ್ಟು ಜಾಗ ತಿನ್ನುತ್ತೆ ಗೊತ್ತಾ ನಿಮಗೆ? ಅದು ಒಳಗೆ ಬಂದು ಕೂತ್ರೆ ಬೇರೆಯವ್ರು ಉಸಿರಾಡೋ ಹಾಗಿಲ್ಲ."

ದೊಡ್ಡ ಸಿಸ್ಟರ್ ಉಸಿರು ಎಳೆದುಕೊಂಡರು. ಅವರ ಹೆಗಲ ಹಿಂದಿನಿಂದ ನಡು ಸಿಸ್ಟರ್ ಕ್ಷೀಣವಾಗಿ ಕೇಳಿದರು: "ಎರಡನೇದ್ರ ಜೊತೆ... ಮೂರು ಸಂಜೆ..."

"ಶ್! ನಿಜ ಹೇಳ್ಬೇಕಂದ್ರೆ ನಾಲ್ಕು. ಮನೆಯವಳ ಹತ್ರ ಮೂರು ಅಂತ ಹೇಳಿದ್ದೀನಿ, ನೀವು ಬಾಯಿ ಬಿಡ್ಬೇಡಿ."

"ಮೂರನೇದನ್ನ ಆರಿಸಿ ಹೊತ್ತಿಸ್ಬೇಕಾ?" ಎಂದರು ಚಿಕ್ಕ ಸಿಸ್ಟರ್, ಕಣ್ಣು ಅರ್ಧ ಮುಚ್ಚಿಕೊಂಡೇ.

"ಬೇರೆ ದಾರಿನೇ ಇಲ್ಲ ಸಿಸ್ಟರ್. ತಲೆ ಮೇಲೆ ಒಂದು ಏಟು ಕೊಟ್ಟೂ ನೋಡ್ದೆ. ಜಪ್ಪಯ್ಯ ಅನ್ನಲಿಲ್ಲ."

ಆಗ ದೊಡ್ಡ ಸಿಸ್ಟರ್ ತಮ್ಮ ಸಹಜ ಧ್ವನಿಗೆ ಮರಳಿದರು.

"'ಕೂಗುತ್ತದೆ' ಅಂತೆ! ನಾನೇನು ಕೋಳಿನಾ? 'ಕೂಗುತ್ತಾರೆ' ಅಂತ ಬರಿಯೋಕೆ ಮರ್ಯಾದೆ ಇಲ್ವಾ ನಿಮಗೆ? ಮೂವತ್ತು ವರ್ಷ ಈ ಆಸ್ಪತ್ರೇಲಿ ದುಡಿದವಳು ನಾನು, ನನ್ನ ತೆಗೆದುಹಾಕೋಕೆ ನೀವ್ಯಾರು?"

ಗೇಟಿನ ಕಾವಲುಗಾರ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತನೆಂದು ಆಮೇಲೆ ಕೇಳಿದೆ. ನನಗೆ ವಿಷಯ ಹೊಳೆಯಲು ಅಷ್ಟು ಹೊತ್ತು ಹಿಡಿದಿತ್ತು. "ಸಿಸ್ಟರ್, ತಪ್ಪು ತಿಳ್ಕೊಂಡಿದ್ದೀರಿ. ಅದು ಕಂಪೈಲರ್! ಕಂಪೈಲರ್!"

"ಕಂಪ್ಲೇಂಟ್ ಬೇರೆ ಕೊಡ್ತೀರಾ? ಕೊಡಿ! ಹೋಗೋಣ ದೊಡ್ಡ ಡಾಕ್ಟರ್ ಹತ್ರಾನೇ!"

ಮರುದಿನ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ ಎಂದು ಚೀಟಿ ಬಂತು.

ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿರುವ ಪಕ್ಕದ ಮನೆಯವರು ಬೇಲಿಯಾಚೆಯಿಂದ ನನ್ನ ಹೆಂಡತಿಗೆ ಎಲ್ಲ ಹೇಳಿ, ಕೊನೆಗೆ "ನಾಲ್ಕು ಸಂಜೆ ಅಂತೆ ಕಣ್ರೀ" ಎಂದು ಕಣ್ಣೊರೆಸಿಕೊಂಡಿದ್ದರು.

"ನಾಲ್ಕಾ?" ಎಂದಳು ಹೆಂಡತಿ ನನ್ನನ್ನು ನೋಡಿ. "ಮೂರು ಅಂದಿದ್ರಿ."

"ಸಿ ಎರಡರ ಜೊತೆ ಕಣೇ. ನೀನೇ ಪಕ್ಕದಲ್ಲಿ ಕೂತಿದ್ದೆಯಲ್ಲ!"

"ಅದು ನಂಗೊತ್ತು. ಅದೊಂದಕ್ಕೇ ನನ್ನ ಧಾರಾವಾಹಿ ನಾಲ್ಕು ದಿನ ಹೋಯ್ತು ಅಂತ ನಾನು ಅವತ್ತೇ ಹೇಳಿದ್ದೆ. ಒಪ್ಕೊಂಡ್ರಾ?"

ಅಷ್ಟರಲ್ಲಿ ಅವಳ ಅಣ್ಣ, ನನ್ನ ಭಾವ, ಸುದ್ದಿ ಕೇಳಿ ಬಂದೇಬಿಟ್ಟರು. ಭಾವ ನ್ಯಾಯಾಲಯದಲ್ಲಿ ಬೆರಳಚ್ಚುಗಾರರಾಗಿದ್ದು ನಿವೃತ್ತರಾದವರು. ಮೂವತ್ತೈದು ವರ್ಷ ಬೇರೆಯವರ ಸಾಕ್ಷ್ಯವನ್ನು ಟೈಪ್ ಮಾಡಿ ಮಾಡಿ, ಕಾನೂನು ತಮ್ಮ ಬೆರಳ ತುದಿಯಲ್ಲಿದೆ ಎಂಬುದು ಅವರ ನಂಬಿಕೆ.

"ನೋಡಪ್ಪ, ವಿವರಿಸೋಕೆ ಹೋಗ್ಬೇಡ" ಎಂದರು. "ವಿವರಿಸಿದವ್ರೆಲ್ಲ ಸಿಕ್ಕಿಹಾಕ್ಕೊಂಡಿದ್ದನ್ನ ನಾನೇ ಟೈಪ್ ಮಾಡಿದ್ದೀನಿ. ಏನು ಕೇಳಿದ್ರೂ 'ನೆನಪಿಲ್ಲ' ಅನ್ನು. ಮುಗೀತು."

ಇಷ್ಟು ದೂರದಿಂದ ಬಂದು ಹೇಳಿದರಲ್ಲ ಎಂಬ ಉಪಕಾರ ಸ್ಮರಣೆಯಿಂದ ನಾನು ಹಾಗೇ ಆಗಲಿ ಎಂದೆ.

ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆ. ದೊಡ್ಡ ಡಾಕ್ಟರು ಆಸ್ಪತ್ರೆಗೆಲ್ಲ ಮುಖ್ಯಸ್ಥರು, ಅಚ್ಚುಕಟ್ಟಿಗೆ ಹೆಸರಾದವರು. ಮೇಜಿನ ಮೇಲಿದ್ದ ಪೆನ್ಸಿಲ್ಲುಗಳು ಕೂಡ ಅವರಿಗೆ ಹೆದರಿ ಸಾಲಾಗಿ ಮಲಗಿದ್ದವು. ಮೂವರು ಸಿಸ್ಟರ್ ಒಂದು ಕಡೆ, ನಾನು ಒಂದು ಕಡೆ.

"ನಿಮ್ಮ ಹೆಸರು?" ಎಂದರು, ದಾಖಲೆಗಾಗಿ.

"ನೆನಪಿಲ್ಲ ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರು. "ಈ ಪುಸ್ತಕ ಯಾಕೆ ಬರೆದ್ರಿ?"

"ನೆನಪಿಲ್ಲ ಸರ್."

"ಸರಿ, ನಾನೇ ಓದ್ತೀನಿ" ಎಂದು ಅವರು ಪುಸ್ತಕ ತೆರೆದು, ಉಯಿಲು ಓದುವ ವಕೀಲರ ಧಾಟಿಯಲ್ಲಿ ಶುರು ಮಾಡಿದರು. ಸಿ ಒಂದು ಮುಗಿಯಿತು. ದೊಡ್ಡ ಸಿಸ್ಟರ್ ಮೂಗರಳಿಸಿದರು. ಸಿ ಎರಡು ಬಂತು. "'ತಪ್ಪು ಕಂಡರೂ ಕಾಣದಂತೆ ನುಂಗಿಕೊಂಡು ಮುಂದೆ ಹೋಗುತ್ತದೆ. ಅಪಾಯ.' ಇದೆಂಥಾ ಆರೋಪ ರೀ! ಇದಕ್ಕೆ ಆಧಾರ ಏನು?"

ನಾನು ನೆನಪಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಡು ಸಿಸ್ಟರ್ ಅತ್ತುಬಿಟ್ಟರು.

"ಅದು ನಿಜ ಸರ್. ಇವರಿಗೆ ಹೇಗೆ ಗೊತ್ತಾಯ್ತೋ ಗೊತ್ತಿಲ್ಲ. ಆದ್ರೆ ನಿಜ."

ಡಾಕ್ಟರು ಪುಸ್ತಕ ಕೆಳಗಿಟ್ಟರು. ದೊಡ್ಡ ಸಿಸ್ಟರ್ ನಡು ಸಿಸ್ಟರ್ ಕಡೆ ತಿರುಗಿದರು.

"ವಾರ್ಡಿನ ಗೋಡೆ ಮೇಲೆ ಹನಿ ಪಟ್ಟಿ ಇದೆಯಲ್ಲ ಸರ್, ಯಾವ ಬಾಟ್ಲಿ ಎಷ್ಟು ಗಂಟೇಲಿ ಹೋಗ್ಬೇಕಾದ್ರೆ ನಿಮಿಷಕ್ಕೆ ಎಷ್ಟು ಹನಿ ಅಂತ. ಅದ್ರಲ್ಲಿ ಒಂದು ಸಾಲು ತಪ್ಪಿದೆ. ಒಂದು ಲೀಟರು, ಹನ್ನೆರಡು ಗಂಟೆ, ಇಪ್ಪತ್ತೆಂಟು ಹನಿ ಇರಬೇಕು. ಮೂವತ್ತೆಂಟು ಅಂತ ಇದೆ. ನಾನು ಎರಡು ವಾರದ ಹಿಂದೇನೇ ನೋಡಿದೆ. ನಾನಿದ್ದಾಗ ಇಪ್ಪತ್ತೆಂಟೇ ಬಿಡ್ತೀನಿ, ಬಾಯಿ ಮಾತ್ರ ಬಿಡ್ಲಿಲ್ಲ. ಆರನೇ ಹಾಸಿಗೇಲಿ ದರ್ಜಿ ಅಜ್ಜ ಇದ್ದಾರಲ್ಲ, ಅವ್ರಿಗೆ ನೀವು ಇವತ್ತು ಮಧ್ಯಾಹ್ನ ಅದೇ ಬಾಟ್ಲಿ ಬರ್ದಿದ್ದೀರಿ. ಅವ್ರ ಹೃದಯ ಮೊದ್ಲೇ ಸೋತಿದೆ, ಬಾಟ್ಲಿ ಬೇಗ ಹೋದ್ರೆ ತಡ್ಕೊಳ್ಳಲ್ಲ. ಮಧ್ಯಾಹ್ನದ ಡ್ಯೂಟಿಗೆ ಬೇರೆ ಊರಿಂದ ಹೊಸ ಸಿಸ್ಟರ್ ಬರ್ತಾರೆ. ಅವ್ರು ಗೋಡೆ ನೋಡ್ಕೊಂಡೇ ಹಾಕ್ತಾರೆ."

"ನನಗೆ ಯಾಕೆ ಹೇಳ್ಲಿಲ್ಲ?"

ನಡು ಸಿಸ್ಟರ್ ಸೆರಗಿನ ತುದಿಯನ್ನು ತಿರುವಿದರು. "ಅದು ನಿಮ್ಮ ಕೈಬರಹ ಸರ್. ಚೌಕಟ್ಟು ಬೇರೆ ಹಾಕ್ಸಿದ್ದೀರಿ."

ದೊಡ್ಡ ಡಾಕ್ಟರು ಎದ್ದು ವಾರ್ಡಿಗೆ ಹೊರಟರು. ನಾವೂ ಸಾಲಾಗಿ ಹಿಂದೆ ಹೋದೆವು. ವಾರ್ಡಿನಲ್ಲಿ ಅವರು ಸ್ಟೂಲಿನ ಮೇಲೆ ಹತ್ತಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ತಮ್ಮದೇ ಸುಂದರವಾದ ಅಕ್ಷರಗಳನ್ನು ಓದಿದರು. ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಮಾಡಿದರು. ಆಮೇಲೆ ಚೌಕಟ್ಟನ್ನು ಮೊಳೆಯಿಂದ ಕಳಚಿ ಎದೆಗವಚಿಕೊಂಡು ಇಳಿದರು. ಆರನೇ ಹಾಸಿಗೆಯ ಅಜ್ಜ ಇದನ್ನೆಲ್ಲ ನೋಡುತ್ತಾ, "ಡಾಕ್ಟ್ರೇ, ಆ ಗೋಡೆಗೆ ಸುಣ್ಣ ಹೊಡಿಸ್ತೀರಾ? ಒಳ್ಳೇದು" ಎಂದರು.

"ಸ್ಟೋರಪ್ಪನೋರೇ" ಎಂದರು ಡಾಕ್ಟರು. "ಇಷ್ಟು ಜನ ಡಾಕ್ಟರಿಗೆ ಕಾಣದ್ದು ಉಗ್ರಾಣದಲ್ಲಿ ಕೂತ ನಿಮಗೆ ಹೇಗೆ ಕಾಣ್ತು?"

"ನೆನಪಿಲ್ಲ ಸರ್."

ಭಾವನ ಸಲಹೆಯನ್ನು ನಾನು ನಿಷ್ಠೆಯಿಂದ ಪಾಲಿಸುತ್ತಿದ್ದೆ, ಅಷ್ಟೆ. ಆದರೆ ಡಾಕ್ಟರು ಅದನ್ನು ವಿನಯವೆಂದು ತಿಳಿದು ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟಕ್ಕೆ ನಿಂತಿದ್ದರೆ ನಾನು ಮಹಾಪುರುಷನಾಗಿಯೇ ಉಳಿಯುತ್ತಿದ್ದೆ.

ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ನನ್ನ ಹೆಂಡತಿ! ಬಲಗೈಯಲ್ಲಿ ದಿಂಬಿನ ಚೀಲದೊಳಗೆ ಕಂಪ್ಯೂಟರ್, ಎಡ ಕಂಕುಳಲ್ಲಿ ಟೇಪ್ ರೆಕಾರ್ಡರ್, ಹಿಂದೆ ತಂತಿಗಳ ಸುರುಳಿ ಹಿಡಿದುಕೊಂಡ ಭಾವ.

"ಡಾಕ್ಟರೇ, ನಮ್ಮನೆಯವ್ರಿಗೆ ಮನುಷ್ಯರ ಬಗ್ಗೆ ಬರಿಯೋವಷ್ಟು ತಿಳುವಳಿಕೆ ಇಲ್ಲ" ಎಂದಳು, ನನ್ನ ಪರವಾಗಿ. "ಸಿ ಅಂದ್ರೆ ಇದು! ಎಲ್ಲಿದೆ ನಿಮ್ಮ ಟೀವಿ?"

ಸಂದರ್ಶಕರ ಹಜಾರದಲ್ಲಿ ಟೀವಿಯಿತ್ತು. ಪಟಪಟನೆ ಅವಳೇ ತಂತಿ ಸಿಕ್ಕಿಸಿದಳು. ಒಂದು ತಿಂಗಳು ಹೊಲಿಗೆಯ ಮೇಲಿಂದ ನೋಡಿ ನೋಡಿ ನನಗಿಂತ ಚೆನ್ನಾಗಿ ಕಲಿತಿದ್ದಳು. ಕ್ಯಾಸೆಟ್ ಕಿರುಚಲು ಶುರುವಾಯಿತು. ಹತ್ತನೇ ಹಾಸಿಗೆಯವರು ಊರುಗೋಲು ಹಿಡಿದು ಬಂದರು. ಔಷಧಿ ಕೌಂಟರಿನವರು ಕೌಂಟರ್ ಮುಚ್ಚಿ ಬಂದರು.

ನಾನು ಬೇಕೆಂದೇ ಒಂದು ಚಿಹ್ನೆ ಬಿಟ್ಟು ನಾಲ್ಕು ಸಾಲು ಬರೆದೆ. ಸಿ ಒಂದು ನಿಧಾನವಾಗಿ ಓದಿ, 'ನಾಲ್ಕನೇ ಸಾಲು ತಪ್ಪು' ಎಂಬರ್ಥದ ಸಂದೇಶವನ್ನು ತೆರೆಯ ತುಂಬ ಬರೆದು ಕುಂಯ್ ಎಂದು ಕೂಗಿತು.

"ಓ, ಇದು ನಾನು!" ಎಂದರು ದೊಡ್ಡ ಸಿಸ್ಟರ್. ಅವರ ಮುಖ ಅರಳಿತು. "ಸರಿಯಾಗೇ ಕೂಗ್ತು. ತಪ್ಪಿದ್ರೆ ಕೂಗ್ದೆ ಮತ್ತೇನು ಮಾಡ್ಬೇಕು?"

ಸಿ ಎರಡು ಅದೇ ನಾಲ್ಕು ಸಾಲನ್ನು ಗುಳುಂ ಎಂದು ನುಂಗಿ, ಯಾವ ಗೊಣಗಾಟವೂ ಇಲ್ಲದೆ ಸೊನ್ನೆ ಎಂದು ಉತ್ತರ ಕೊಟ್ಟಿತು. ನಡು ಸಿಸ್ಟರ್ ತಲೆ ತಗ್ಗಿಸಿದರು. ಸಿ ಮೂರಕ್ಕೆ ಉದ್ದದ ಕೆಲಸವೊಂದನ್ನು ಕೊಟ್ಟೆ. ಅದು ನಡುವಲ್ಲೇ ನಿಂತಿತು. ಚಿಕ್ಕ ಸಿಸ್ಟರ್ ಅದನ್ನು ಅಕ್ಕರೆಯಿಂದ ನೋಡಿ, "ಪಾಪ, ಬಿಡಿ ಅದನ್ನ" ಎಂದರು.

ಡಾಕ್ಟರಿಗೆ ಉತ್ಸಾಹ ಬಂತು. "ಹಾಗಾದ್ರೆ ನಮ್ಮ ಹನಿ ಪಟ್ಟೀನ ಇದ್ರಲ್ಲೇ ಮಾಡ್ಬಿಡೋಣ. ಕೈಬರಹದ ತಪ್ಪೇ ಇರಲ್ಲ!"

ನಾನು ಸೂತ್ರ ಬರೆದೆ. ಲೀಟರಿಗೆ ಇಪ್ಪತ್ತು ಸಾವಿರ ಹನಿ, ಹನ್ನೆರಡು ಗಂಟೆಯ ನಿಮಿಷಗಳಿಂದ ಭಾಗಿಸು. ಸಿ ಒಂದು ಇಪ್ಪತ್ತೇಳು ಎಂದಿತು. ಕ್ಯಾಸೆಟ್ ಬದಲಿಸಿದೆವು. ಸಿ ಎರಡೂ ಇಪ್ಪತ್ತೇಳು. ಆರಿಸಿ, ಹೊತ್ತಿಸಿ ಕೇಳಿದರೆ ಸಿ ಮೂರೂ ಇಪ್ಪತ್ತೇಳು.

"ಇಪ್ಪತ್ತೆಂಟು" ಎಂದರು ಮೂವರು ಸಿಸ್ಟರ್ ಒಟ್ಟಿಗೆ.

ದೊಡ್ಡ ಸಿಸ್ಟರ್ ಜೇಬಿನಿಂದ ಪೆನ್ಸಿಲ್ ತೆಗೆದು ಪಟ್ಟಿಯ ಬೆನ್ನಿಗೇ ಲೆಕ್ಕ ಮಾಡಿದರು. "ಇಪ್ಪತ್ತೇಳೂ ಮುಕ್ಕಾಲಕ್ಕಿಂತ ಜಾಸ್ತಿ ಬರುತ್ತೆ. ಆ ಮುಕ್ಕಾಲು ಹನಿ ಎಲ್ಲಿ ಹೋಯ್ತು?"

"ಸಿ ಅದನ್ನ ಬಿಟ್ಬಿಡುತ್ತೆ ಸಿಸ್ಟರ್. ಪೂರ್ಣ ಸಂಖ್ಯೆ ಮಾತ್ರ ಇಟ್ಕೊಳ್ಳುತ್ತೆ."

"ಬಿಟ್ಬಿಡುತ್ತಾ? ರೋಗೀದು ಬಿಡೋಕೆ ಇದು ಯಾರು?"

ಮುಖ ಉಳಿಸಿಕೊಳ್ಳಲು ನಾನು ದೊಡ್ಡ ಲೆಕ್ಕ ಕೊಟ್ಟೆ: ಎರಡು ಲೀಟರ್, ಇಪ್ಪತ್ತನಾಲ್ಕು ಗಂಟೆ. ಹನಿಗಳ ಸಂಖ್ಯೆ ಆ ಪುಟ್ಟ ಯಂತ್ರದ ತಲೆಗೆ ಹಿಡಿಸುವುದಕ್ಕಿಂತ ದೊಡ್ಡದಾಗಿ ತಲೆಕೆಳಗಾಯಿತು. ಮೂರೂ ಸಿ ಒಮ್ಮತದಿಂದ ಉತ್ತರ ಕೊಟ್ಟವು: ನಿಮಿಷಕ್ಕೆ ಮೈನಸ್ ಹದಿನೇಳು ಹನಿ.

ಎಲ್ಲರೂ ಟೀವಿಯ ಹತ್ತಿರಕ್ಕೆ ಬಗ್ಗಿದರು.

"ಅಂದ್ರೆ" ಎಂದರು ಚಿಕ್ಕ ಸಿಸ್ಟರ್, ಪೂರ್ತಿ ಎಚ್ಚರಾಗಿ, "ರೋಗಿಯಿಂದ ವಾಪಸ್ ಬಾಟ್ಲಿಗೆ ತುಂಬ್ಬೇಕಾ?"

ಮೊದಲು ನಕ್ಕವರು ದೊಡ್ಡ ಡಾಕ್ಟರು. ಆಮೇಲೆ ಊರುಗೋಲಿನವರು. ಕೊನೆಗೆ ನಾನೂ ನಕ್ಕೆ. ತಿಂಗಳ ಸಂಶೋಧನೆ ಮಣ್ಣಾದರೂ ನಗಲು ಸಿಕ್ಕ ಆ ಅವಕಾಶಕ್ಕೆ ನಾನು ಋಣಿ.

ನಕ್ಕು ಮುಗಿಸಿ ಡಾಕ್ಟರು ಕಣ್ಣೊರೆಸಿಕೊಂಡು ಹೇಳಿದರು: "ಇನ್ಮೇಲೆ ತಪ್ಪು ಕಂಡೋರು ಒಂದನೇ ಸಿ ಥರ ಕೂಗ್ಬೇಕು. ನನ್ನ ತಪ್ಪಾದ್ರೆ ಇನ್ನೂ ಜೋರಾಗಿ. ಪಟ್ಟಿ ಸಿಸ್ಟರುಗಳು ಮೂವರೂ ಸೇರಿ ಬರೀಲಿ, ಒಬ್ರದ್ದನ್ನ ಇನ್ನೊಬ್ರು ನೋಡ್ಲಿ. ಚೌಕಟ್ಟು ಬೇಡ." ಆಮೇಲೆ ಡ್ಯೂಟಿ ಪಟ್ಟಿ ತರಿಸಿ ನೋಡಿದರು. ಚಿಕ್ಕ ಸಿಸ್ಟರಿಗೆ ಹತ್ತೊಂಬತ್ತು ದಿನದಿಂದ ರಜೆಯೇ ಸಿಕ್ಕಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಅವರನ್ನು ಆ ಕ್ಷಣವೇ ಮನೆಗೆ ಕಳಿಸಿದರು.

ಹೋಗುವಾಗ ನಡು ಸಿಸ್ಟರ್ ನನ್ನ ಬಳಿ ನಿಂತರು. "ನಿಮ್ಮ ಪುಸ್ತಕ ಬರದೇ ಇದ್ದಿದ್ರೆ ನಾನು ಇವತ್ತೂ ಹೇಳ್ತಾ ಇರ್ಲಿಲ್ಲ ಸ್ಟೋರಪ್ಪನೋರೇ."

"ನೀವು ಹೇಳದೇ ಇದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು ಸಿಸ್ಟರ್" ಅಂದೆ. ಇಬ್ಬರೂ ಸರಿಸಮ ಎಂದು ತೀರ್ಮಾನವಾಯಿತು. ಭಾವ ಮಾತ್ರ ಇಂದಿಗೂ ಅದು ತಮ್ಮ ಸಲಹೆಯಿಂದ ಗೆದ್ದ ವಿಚಾರಣೆ ಎಂದೇ ಹೇಳಿಕೊಂಡು ತಿರುಗುತ್ತಾರೆ. ನಾನು ಅಲ್ಲ ಎನ್ನುವುದಿಲ್ಲ.

ಸಂಘದ ಪತ್ರಿಕೆಗೆ ಲೇಖನ ಬರೆದೆ. ಸಿ ಒಂದನ್ನು ನಂಬಿ, ಆದರೆ ಪೆನ್ಸಿಲ್ ಪಕ್ಕದಲ್ಲಿಟ್ಟುಕೊಳ್ಳಿ ಎಂಬುದು ಅದರ ಸಾರ. ಕೊನೆಯಲ್ಲಿ ಮೂವರು ಸಿಸ್ಟರುಗಳಿಗೆ ವಂದನೆ ಸಲ್ಲಿಸಿದ್ದೆ. ಗಡಿಯಾರ ರಿಪೇರಿಯವರು, "ನಿಮಗೆ ಮೂವರು ತಂಗಿಯರು ಅಂತ ಗೊತ್ತೇ ಇರ್ಲಿಲ್ಲ, ಎಲ್ರೂ ಸಿ ಕಲ್ತಿದ್ದಾರಾ?" ಎಂದು ಪಿಸುಗುಟ್ಟಿದರು. ಸುಳ್ಳು ಹೇಳುವ ಚಟ ಬಿಟ್ಟಿದ್ದೆನಾದ್ದರಿಂದ, ಕಥೆಯನ್ನೆಲ್ಲ ಮೊದಲಿನಿಂದ ಪಿಸುಗುಟ್ಟಿದೆ. ಗ್ರಂಥಾಲಯದವರು ನಮ್ಮನ್ನು ಹೊರಗೆ ಹಾಕಿದರು. ಐದು ಜನ ಅಷ್ಟು ಜೋರಾಗಿ ನಕ್ಕಿದ್ದೆವು.

ಹತ್ತು ದಿನ ಬಿಟ್ಟು ದರ್ಜಿ ಅಜ್ಜ ಗುಣವಾಗಿ ಮನೆಗೆ ಹೊರಟರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಬಟ್ಟೆಯ ಗಂಟು ಹಿಡಿದುಕೊಂಡು ದೊಡ್ಡ ಡಾಕ್ಟರಿಗೆ ಕೈ ಮುಗಿದರು, ಮೂವರು ಸಿಸ್ಟರಿಗೂ ಮುಗಿದರು, ಅಡುಗೆಯವರಿಗೆ, ಗುಡಿಸುವವರಿಗೆ, ಕೊನೆಗೆ ಖಾಲಿಯಾದ ಹಾಸಿಗೆಗೂ ಮುಗಿದು, ನಿಧಾನವಾಗಿ ಮೆಟ್ಟಿಲಿಳಿದು ನನ್ನ ಕಿಟಕಿಗೆ ಬಂದರು.

"ಅಪ್ಪಾ, ಹೊರಗೆ ಹೋಗೋ ದಾರಿ ಯಾವ್ದು?"

"ಎಡಕ್ಕೆ ತಿರುಗಿ ಅಜ್ಜಾ, ಆಮೇಲೆ ನೇರ."

"ದೊಡ್ಡ ಉಪಕಾರ ಆಯ್ತಪ್ಪ" ಎಂದು ಅವರು ಮನಸಾರೆ ಹೇಳಿ, ಬಲಕ್ಕೆ ತಿರುಗಿ ನಡೆದರು.

ನಾನು ಕಿಟಕಿ ಮುಚ್ಚಿ ಹೊರಗೆ ಬಂದೆ. ಗಂಟನ್ನು ಅವರ ಕೈಯಿಂದ ತೆಗೆದುಕೊಂಡು, ತೋಳು ಹಿಡಿದು, ಗೇಟಿನವರೆಗೂ ಅವರ ಜೊತೆ ನಡೆದೆ.